ಗ್ರಂಥಾಲಯ ಕರ ಕಟ್ಟಿದ ಅಮರಪ್ಪ ಕಾಕಾ

ಅಮರಪ್ಪ ಕಾಕಾ ನಮ್ಮ ಗ್ರಂಥಾಲಯಕ್ಕೆ ಮೊದಲ ಸಲ ಬಂದದ್ದು ಓದಲಿಕ್ಕಲ್ಲ, ಜಗಳಕ್ಕೆ. ಕೈಯಲ್ಲಿ ಪಂಚಾಯ್ತಿಯ ಮನೆ ಕರದ ರಸೀದಿ ಇತ್ತು. ಅವರು ಒಳಗೆ ಕಾಲಿಟ್ಟದ್ದೇ ತಡ, ಪೇಪರ್ ಓದುತ್ತ ಕೂತಿದ್ದ ಇಬ್ಬರು ಒಟ್ಟಿಗೇ ಸೀನಿದರು. ತಮ್ಮ ಕಿರಾಣಿ ಅಂಗಡಿಯಲ್ಲಿ ಖಾರದ ಪುಡಿ ತೂಗಿ ತೂಗಿ ಅದರ ಘಾಟು ಅವರ ಅಂಗಿಗೇ ಹಿಡಿದುಬಿಟ್ಟಿತ್ತು. ಆಮೇಲಿನ ವರ್ಷಗಳಲ್ಲಿ ಬಾಗಿಲ ಬಳಿ ಯಾರಾದರೂ ಸೀನಿದರೆ ಸಾಕು, ನಾನು ತಲೆ ಎತ್ತದೆಯೇ "ಬರ್ರಿ ಕಾಕಾ" ಅನ್ನುತ್ತಿದ್ದೆ.

"ಇಲ್ಲಿ ಸಾಹೇಬ್ರು ಯಾರು?" ಎಂದು ಕೇಳಿದರು.

"ನಾನೇ ರೀ. ಶಾಹೀನ್ ಅಂತ."

"ಚಲೋ ಆತು. ನೋಡವ್ವ ಶಾಹೀನಮ್ಮ, ಈ ರಸೀದ್ಯಾಗ ಗ್ರಂಥಾಲಯ ಕರ ಅಂತ ಹಾಕ್ಯಾರ. ಇಷ್ಟು ವರ್ಷ ಕಣ್ಣು ಮುಚ್ಚಿ ಕಟ್ಟೀನಿ. ನನ್ನ ರೊಕ್ಕ ಎಲ್ಲೈತಿ, ತೋರಸು."

ನನಗೆ ನಗು ಬಂತು, ಆದರೆ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ತೋರಿಸಿದೆ. ಎರಡು ಕಪಾಟು, ಒಂದು ಉದ್ದನೆಯ ಮೇಜು, ಕೆಲವು ಕುರ್ಚಿ, ಕರೆಂಟು ಇದ್ದಾಗ ತಿರುಗುವ ಒಂದು ಫ್ಯಾನು. ಕಾಕಾ ಲಾರಿಯಿಂದ ಇಳಿದ ಮಾಲು ನೋಡುವವರ ಹಾಗೆ ಪುಸ್ತಕಗಳನ್ನು ಎತ್ತಿ, ತಿರುವಿ, ಧೂಳು ಊದಿ ನೋಡಿದರು. "ಮಾಲು ಐತಿ. ಗಿರಾಕಿಗೆ ಗೊತ್ತಿಲ್ಲ," ಎಂದು ಹೇಳಿ ಹೋದರು. ಮರುದಿನ ಮತ್ತೆ ಬಂದರು. ಅದರ ಮರುದಿನವೂ ಬಂದರು. ಅಂಗಡಿಯನ್ನು ಮಗನಿಗೆ ಬಿಟ್ಟು ಮಧ್ಯಾಹ್ನವೆಲ್ಲ ಇಲ್ಲೇ ಕೂಡುವುದು ಅಭ್ಯಾಸವಾಯಿತು.

ನಮ್ಮೂರು ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಕಾಲುವೆ ಪಕ್ಕಕ್ಕಿದೆ. ಗ್ರಂಥಾಲಯದ ಕೋಣೆ ಬಜಾರಿನ ನಟ್ಟನಡುವೆ, ಬಸ್ಸು ನಿಲ್ಲುವ ಜಾಗದ ಎದುರಿಗೆ. ಸಂತೆಗೆ ಬಂದವರು, ಬಸ್ಸು ತಪ್ಪಿದವರು, ನಾಟಿ ಕೆಲಸ ಮುಗಿಸಿದ ಹೆಂಗಸರು, ಎಲ್ಲರೂ ಒಂದು ಗಳಿಗೆ ಒಳಗೆ ಬಂದು ಹೋಗುತ್ತಿದ್ದರು. ಆದರೆ ಬಾಗಿಲಲ್ಲಿಟ್ಟ ಹಾಜರಿ ಪುಸ್ತಕದಲ್ಲಿ ಸಹಿ ಮಾಡುವವರು ಮಾತ್ರ ನಾಲ್ಕೈದು ಮಂದಿ. ತಿಂಗಳ ಕೊನೆಗೆ ತಾಲ್ಲೂಕಿಗೆ ಹೋಗುತ್ತಿದ್ದದ್ದು ಆ ನಾಲ್ಕೈದರ ಲೆಕ್ಕವೇ. ಅದನ್ನು ನೋಡಿ ಪಂಚಾಯ್ತಿಯಲ್ಲಿ ಮಾತು ಶುರುವಾಯಿತು: ಇಷ್ಟು ಕಡಿಮೆ ಜನಕ್ಕೆ ಬಜಾರಿನ ಕೋಣೆ ಯಾಕೆ, ಅದನ್ನು ಬಾಡಿಗೆಗೆ ಕೊಡೋಣ, ಗ್ರಂಥಾಲಯವನ್ನು ಕಾಲುವೆ ಆಚೆಯ ಹಳೆಯ ಗೋದಾಮಿಗೆ ಸಾಗಿಸೋಣ. ಅಲ್ಲಿಗೆ ಹೋದರೆ ಹೆಂಗಸರು ಯಾರೂ ಬರುವುದಿಲ್ಲವೆಂಬುದು ನನಗೆ ಖಾತ್ರಿಯಿತ್ತು. ಬಾಗಿಲು ಮುಚ್ಚಿದಂತೆಯೇ ಸರಿ.

ಕಾಕಾ ಈ ಸುದ್ದಿ ಕೇಳಿ ಹಾಜರಿ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಅಂಗಡಿ ತುಂಬ ಗಿರಾಕಿ, ಪುಸ್ತಕದಾಗ ವ್ಯಾಪಾರ ಇಲ್ಲ ಅಂದ್ರ ಹ್ಯಾಂಗ? ಇವತ್ತಿಂದ ಬಾಗಲಾಗ ನಾ ಕುಂದರ್ತೀನಿ."

ಕೂತರು. ಬಂದವರನ್ನು ಒಬ್ಬರನ್ನೂ ಬಿಡಲಿಲ್ಲ. "ಏನು ತಗೊಂಡಿ? ಯಾರಿಗೆ ಹೇಳ್ತಿ?" ಇವೆರಡು ಅವರ ಪ್ರಶ್ನೆಗಳು. ಪುಸ್ತಕ ಒಯ್ದವರು ಅದರಲ್ಲಿ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಲೇಬೇಕೆಂಬುದು ಕಾಕಾ ತಾವೇ ಮಾಡಿಕೊಂಡ ಕಾನೂನು. ಸರಕಾರದ ಯಾವ ಸುತ್ತೋಲೆಯಲ್ಲೂ ಅದಿರಲಿಲ್ಲ, ಆದರೆ ಕಾಕಾನ ಎದುರು ಅದನ್ನು ಹೇಳುವ ಧೈರ್ಯ ಯಾರಿಗಿತ್ತು? ಪಂಪಿನ ಮೋಟರು ರಿಪೇರಿ ಪುಸ್ತಕ ಒಯ್ದಿದ್ದ ಹುಸೇನಸಾಬ ಭಾನುವಾರ ಕಟ್ಟೆಯ ಮೇಲೆ ಹಳೆಯ ಮೋಟರು ಬಿಚ್ಚಿಟ್ಟುಕೊಂಡು ನಾಲ್ಕು ಜನರಿಗೆ ತೋರಿಸತೊಡಗಿದ. ಬಂಗಾಲಿ ನಿರಾಶ್ರಿತರು ನೆಲೆಸಿದ್ದ ಆರ್.ಎಚ್. ಕ್ಯಾಂಪಿನಿಂದ ಬರುತ್ತಿದ್ದ ಶೆಫಾಲಿ ಎಂಬ ಹೆಂಗಸು ಮಕ್ಕಳ ಚಿತ್ರಪುಸ್ತಕ ಹಿಡಿದು ಕನ್ನಡ ಅಕ್ಷರ ಕಲಿತಳು, ಆಮೇಲೆ ಕ್ಯಾಂಪಿನ ಇನ್ನಿಬ್ಬರನ್ನು ಜೊತೆಗೆ ಕರೆತಂದಳು. ತಿಂಗಳ ಲೆಕ್ಕ ಏರುತ್ತ ಹೋಯಿತು. ನಾನು ಖುಷಿಯಿಂದ ವರದಿ ಕಳಿಸಿದೆ.

ಎಡವಟ್ಟಾದದ್ದು ಅಲ್ಲೇ. ತಾಲ್ಲೂಕಿನಿಂದ ಪರಿಶೀಲನೆಗೆ ಬಂದ ಸಾಹೇಬರು ಹಾಜರಿ ಪುಸ್ತಕ ತೆರೆದು ಹುಬ್ಬು ಗಂಟಿಕ್ಕಿದರು. ಪುಟದ ಮೇಲೆ ಪುಟ, ಎಲ್ಲ ಹೆಸರೂ ಒಂದೇ ಕೈಬರಹದಲ್ಲಿದ್ದವು. ಸಹಿಯ ಜಾಗದಲ್ಲೂ ಅದೇ ಕೈ.

"ಇದನ್ನೆಲ್ಲ ಬರೆದವರು ಯಾರು?"

"ನಾನೇ ರೀ," ಎಂದರು ಕಾಕಾ, ಎದೆಯುಬ್ಬಿಸಿಕೊಂಡು.

"ಒಬ್ಬರೇ ಕೂತು ಊರ ಮಂದಿಯ ಸಹಿ ಹಾಕಿದ್ದೀರಾ?"

"ಮತ್ತ ರೀ? ಅಂಗಡ್ಯಾಗ ಉದ್ರಿ ಒಯ್ದೋರ ಹೆಸರು ಗಿರಾಕಿ ಬರೀತಾನೇನು? ನಾವೇ ಹಚ್ಕೊಂತೀವಿ. ನಲವತ್ತು ವರ್ಷದಾಗ ಒಬ್ಬ ಗಿರಾಕೀನೂ ನನ್ನ ಬರಹ ಸುಳ್ಳಂದಿಲ್ಲ."

ಸಾಹೇಬರು ಕೆಟ್ಟವರೇನಲ್ಲ. ಅವರಿಗೆ ಕಾಣುವುದು ಕಾಗದ, ಕಾಗದದಲ್ಲಿ ಕಂಡದ್ದು ಖೊಟ್ಟಿ. ಕೆಂಪು ಪೆನ್ನು ತೆಗೆದು ಪುಟಗಳ ಮೇಲೆ ಅಡ್ಡಗೆರೆ ಎಳೆದರು. ವಾರದೊಳಗೆ ಗ್ರಾಮಸಭೆ ಇದೆ, ಕೋಣೆಯ ವಿಷಯ ಅಲ್ಲೇ ತೀರ್ಮಾನವಾಗಲಿ ಎಂದು ಹೇಳಿ ಜೀಪು ಹತ್ತಿದರು. ಕಾಕಾನ ಮುಖ ನೋಡಲಿಕ್ಕೆ ನನ್ನಿಂದಾಗಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಎರಡು ದಿನ ಬರಲಿಲ್ಲ. ಅಂಗಡಿಯಲ್ಲೂ ಇರಲಿಲ್ಲ. ಗುರುಗುಂಟಾದಲ್ಲಿ ಅವರ ಹುಟ್ಟಿದ ಮನೆ, ಬೇಸರಪಟ್ಟು ಅಲ್ಲಿಗೆ ಹೋಗಿರಬೇಕೆಂದುಕೊಂಡೆ. ಮೂರನೆಯ ದಿನ ಸಂಜೆ ಬಾಗಿಲಲ್ಲಿ ಯಾರೋ ಸೀನಿದರು. ಕಾಕಾ ಮೊಪೆಡ್ ನಿಲ್ಲಿಸಿ ಒಳಗೆ ಬಂದರು, ಮೈಯೆಲ್ಲ ರಸ್ತೆಯ ಧೂಳು.

"ಎಲ್ಲಿಗ್ ಹೋಗಿದ್ರಿ ಕಾಕಾ?"

"ಉದ್ರಿ ವಸೂಲಿಗೆ. ಕ್ಯಾಂಪಿಗೂ ಹೋಗಿ ಬಂದೆ, ವಳಕಮದಿನ್ನಿಗೂ ಹೋಗಿ ಬಂದೆ. ನಾ ಹೆಸರು ಬರಕೊಂಡೋರ ಮನೀಗೆಲ್ಲಾ ಹೋಗಿ, ನೀ ಬಂದಿದ್ದಿ ಹೌದಲ್ಲೋ, ಬಂದು ಮಂದಿ ಮುಂದ ಹೇಳು ಅಂದೀನಿ. ನೀ ಅಳಬ್ಯಾಡವ್ವ."

ನಾನು ಅತ್ತಿರಲಿಲ್ಲ. ಅವರು ಹಾಗೆಂದ ಮೇಲೆ ಅತ್ತೆ.

ಗ್ರಾಮಸಭೆಯ ದಿನ ಪಂಚಾಯ್ತಿ ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಗದ್ದೆಯ ಕೆಸರು ಕಾಲಲ್ಲೇ ಬಂದವರಿದ್ದರು. ಅಧ್ಯಕ್ಷರು ಕೋಣೆಯ ವಿಷಯ ಓದಿ ಮುಗಿಸುವುದರೊಳಗೆ ಹುಸೇನಸಾಬ ಎದ್ದು ನಿಂತ.

"ಬ್ಯಾಸಿಗ್ಯಾಗ ಊರ ಬೋರಿನ ಮೋಟರ ಸುಟ್ಟಾಗ ಹೊಸಾ ತಂತಿ ಯಾರು ಸುತ್ತಿದ್ರು ರೀ ಅಧ್ಯಕ್ಷರ? ನಾನ. ಎಲ್ಲಿ ಕಲ್ತೆ? ಆ ಕೋಣ್ಯಾಗ. ಕಾಕಾ ಬರದದ್ದು ಖರೇ ಐತಿ."

ಶೆಫಾಲಿ ಎದ್ದು ಮುಂದೆ ಬಂದಳು. ಮೇಜಿನ ಮೇಲಿದ್ದ ಸಭೆಯ ನೋಟೀಸನ್ನು ಎತ್ತಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಡವರಿಸುತ್ತ, ಗಟ್ಟಿಯಾಗಿ ಓದಿದಳು. "ಮೊದಲ ಇದ್ರಾಗ ಏನೈತಿ ಅಂತ ಕೇಳಾಕ ಇನ್ನೊಬ್ರ ಕಾಲು ಹಿಡೀತಿದ್ವಿ. ಗೋದಾಮಿಗೆ ಒಯ್ದ್ರ ನಾವು ಹೆಣ್ಮಕ್ಕಳು ಬರಾಂಗಿಲ್ಲ," ಎಂದು ಕೂತಳು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಎದ್ದರು. ಏನು ತೆಗೆದುಕೊಂಡೆ, ಯಾರಿಗೆ ಹೇಳಿದೆ, ಇಷ್ಟೇ. ಸಭೆಗೆ ಬಂದಿದ್ದ ತಾಲ್ಲೂಕಿನ ಸಾಹೇಬರು ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ಕೊನೆಗೆ ಪೆನ್ನು ಕೆಳಗಿಟ್ಟು ಕೇಳುತ್ತ ಕೂತರು.

ಕೋಣೆ ಉಳಿಯಿತು. ಗ್ರಂಥಾಲಯ ಕರದ ಬಾಬ್ತಿನಿಂದ ಹೊಸ ಕಪಾಟು, ಕುರ್ಚಿ ತರಬೇಕೆಂದೂ ಠರಾವಾಯಿತು. ಸಾಹೇಬರದು ಒಂದೇ ಷರತ್ತು: ಇನ್ನು ಮುಂದೆ ಬಂದವರೇ ಸಹಿ ಮಾಡಬೇಕು. ಕಾಕಾ ತುಂಬಿದ ಸಭೆಯಲ್ಲಿ ಎದ್ದು, "ಆತು ರೀ. ಇನ್ನ ನಾ ಪೆನ್ನು ಮುಟ್ಟಂಗಿಲ್ಲ. ಬರಾಕ ಬರಲಾರದೋರಿಗೆ ಕಲಸ್ತೀನಿ," ಎಂದರು. ಮಾತಿಗೆ ತಪ್ಪಲಿಲ್ಲ. ಬಾಗಿಲಲ್ಲಿ ಒಂದು ಪಾಟಿ, ಬಳಪ ಇಟ್ಟುಕೊಂಡು ಎಷ್ಟೋ ಮಂದಿಗೆ ಅವರವರ ಹೆಸರು ತಿದ್ದಿಸಿದರು. ಅವಸರದಲ್ಲಿದ್ದವರು ಗೊಣಗಿದರೆ, "ಬಸ್ಸು ಇನ್ನೊಂದು ಬರ್ತೈತಿ, ಕುಂದ್ರಲೇ," ಎಂದು ಗದರುತ್ತಿದ್ದರು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಉಸಿರಾಡುವುದೇ ಕಷ್ಟವಾಗಿತ್ತು, ಆದರೂ "ಇವತ್ತು ಯಾರ್‍ಯಾರು ಬಂದಿದ್ರು?" ಎಂದು ಕೇಳಿದರು. ನೆನಪಿದ್ದ ಹೆಸರುಗಳನ್ನೆಲ್ಲ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

ದಿನಕರ್ಮಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ಅವರ ಹೆಂಡತಿ ನೀಲಮ್ಮ ಬಂದು ಗ್ರಂಥಾಲಯದ ಬಾಗಿಲಲ್ಲಿ ನಿಂತರು. ನಾನು ಗಡಬಡಿಸಿ ಎದ್ದೆ. ಕಾಕಾನ ಕನ್ನಡಕವೋ ಏನೋ ಇಲ್ಲೇ ಉಳಿದಿರಬೇಕು, ಒಯ್ಯಲು ಬಂದಿದ್ದಾರೆಂದುಕೊಂಡೆ.

"ಏನು ಬೇಕಾಗಿತ್ತು ಚಿಗವ್ವ?"

"ಏನಿಲ್ಲವ್ವ," ಎಂದರು ಒಳಗೆಲ್ಲ ಕಣ್ಣಾಡಿಸುತ್ತ. "ಅವ್ರು ಊರ ಮಂದಿ ಬಾಗಲಾ ಎಲ್ಲಾ ಬಡದು ಕರಕೊಂಡು ಬಂದ್ರು. ನನಗ ಒಂದಿನಾನೂ ಬಾ ಅನ್ಲಿಲ್ಲ."

ಕಾಕಾನ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು. ಅವರಿಗೆ ಹೊಳೆದಿರಲಿಲ್ಲ, ನಿಜ. ನನಗಾದರೂ ಹೊಳೆಯಬಾರದಿತ್ತೇ? ಹಾಜರಿ ಪುಸ್ತಕ ತೆರೆದು ಅವರ ಹೆಸರು ಬರೆಯಹೋದೆ.

"ಕೊಡಿಲ್ಲಿ," ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ದುಂಡಗೆ, ನಿಧಾನವಾಗಿ ನೀಲಮ್ಮ ಎಂದು ಬರೆದರು. ಆಮೇಲೆ ಕಿಟಕಿಯ ಬದಿಗೆ ಒಂದು ಕುರ್ಚಿ ಎಳೆದುಕೊಂಡು ಕೂತು, ಸೆರಗು ಸರಿಮಾಡಿಕೊಂಡು, "ಹೂಂ, ಇವತ್ತಿನ ಪೇಪರ್ ತಾ," ಎಂದರು.