ಸಾಲೋಮನ ಸರ್ ಕಾಪಿಟ್ಟ ಹಾಡುಗಳು

ನಮ್ಮ ಪಕ್ಕದ ಮನೆಯ ಸಾಲೋಮನ ಸರ್ ಬೀದರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೊದಲು ಮಕ್ಕಳ ತಲೆ ತಿನ್ನುತ್ತಿದ್ದರು, ಈಗ ನಮ್ಮದು. ಯಾರಾದರೂ ಮೊಬೈಲಿನಲ್ಲಿ ಹಾಡು ಹಚ್ಚಿದರೆ ಸಾಕು, ಕಾಂಪೌಂಡಿನ ಆಚೆಯಿಂದ ಪಾಠ ಶುರು.

“ಎಂಪಿತ್ರೀ ಅಂದ್ರ ರಸ ಹಿಂಡಿದ ಕಬ್ಬಿನ ಸಿಪ್ಪಿರಿ. ಫೈಲ್ ಸಣ್ಣದಾಗಲಿ ಅಂತ ಹಾಡಿನಾಗಿಂದು ಒಂದಿಷ್ಟು ತಗದು ಒಗದಬಿಡ್ತದ. ಫ್ಲ್ಯಾಕ್ ಅಂತ ಇನ್ನೊಂದು ನಮೂನಿ ಫೈಲ್ ಅದ, ಅದು ಹಂಗಲ್ರಿ, ಹಾಸಿಗಿ ಸುತ್ತಿ ಕಟ್ಟಿದಂಗ. ಬಿಚ್ಚಿದ್ರ ಇದ್ದದ್ದು ಇದ್ದಂಗ. ಒಂದು ಎಳಿನೂ ಹೋಗಲ್ರಿ!”

ಈ ಪಾಂಡಿತ್ಯಕ್ಕೆಲ್ಲ ಕಾರಣ ಹದಿನಾಲ್ಕು ಕ್ಯಾಸೆಟ್ಟುಗಳು. ಸರ್ ಅವರ ತಂದೆ ಔರಾದದಲ್ಲಿ ಮಾಸ್ತರರಾಗಿದ್ದಾಗ ಪ್ರತಿ ಶುಕ್ರವಾರ ಅವರ ಮನೆಯಲ್ಲಿ ಪ್ರಾರ್ಥನಾ ಕೂಟ ಸೇರುತ್ತಿತ್ತು. ಹಾರ್ಮೋನಿಯಂ ಜೊತೆ ಕನ್ನಡ, ಮರಾಠಿ ಕ್ರಿಸ್ತಗೀತೆಗಳು. ತಂದೆ ಎಲ್ಲವನ್ನೂ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಕ್ಯಾಸೆಟ್ಟುಗಳು ಭಾಲ್ಕಿಯಲ್ಲಿ ನರ್ಸ್ ಆಗಿರುವ ತಂಗಿ ಪ್ರಿಸಿಲ್ಲಾಳ ಬಳಿ ಇದ್ದವು. “ನೀ ಹಾಳು ಮಾಡ್ತಿ, ನನ್ನ ಕಡಿ ಇರ್ಲಿ” ಎಂದು ಅಣ್ಣ ಹೊತ್ತುಕೊಂಡು ಬಂದರು. ಅವಳು ಅಣ್ಣನನ್ನು ಬೇಡಿದ್ದು ಒಂದೇ: ಅವ್ವನ ಧ್ವನಿ. ಅವ್ವ ತೀರಿ ಇಪ್ಪತ್ತೆಂಟು ವರ್ಷ. ಫೋಟೋ ಮನೆತುಂಬ ಇವೆ, ಧ್ವನಿ ಉಳಿದದ್ದು ಆ ಟೇಪುಗಳಲ್ಲಷ್ಟೇ.

ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುತ್ತ ಮೂರು ತಿಂಗಳು ಸರ್ ಯಾರ ಕೈಗೂ ಸಿಗಲಿಲ್ಲ. ಕೊನೆಗೆ ಮೂರು ಹಾರ್ಡ್‌ಡಿಸ್ಕುಗಳಲ್ಲಿ ಮೂರು ಪ್ರತಿ ತುಂಬಿ, ಒಂದಕ್ಕೊಂದು ತಾಳೆ ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದು ಬೀಗಿದರು. ಅದೇ ಸಂಭ್ರಮದಲ್ಲಿ ಕ್ಯಾಸೆಟ್ಟುಗಳನ್ನು ಗುಜರಿಯವನಿಗೆ ಕೊಟ್ಟರು. ನಾನು ಬೇಡ ಎಂದೆ. ನನಗೆ ಗಣಿತ ಗೊತ್ತಿಲ್ಲವೆಂದು ಬಾಯಿ ಮುಚ್ಚಿಸಿದರು.

ಹಾಡು ಕೇಳಲು ಆ ಶನಿವಾರ ಪ್ರಿಸಿಲ್ಲಾ ಭಾಲ್ಕಿಯಿಂದ ಮೊದಲ ಬಸ್ಸಿಗೇ ಬಂದಳು. ಸರ್ ನನ್ನನ್ನೂ ಕರೆದರು, ಹೊಗಳಲು ಒಬ್ಬರು ಬೇಕಲ್ಲ. ನಿಜ ಹೇಳಬೇಕು, ಹಾಡುಗಳು ಚೆನ್ನಾಗಿಯೇ ಇದ್ದವು. ಒಂದು ಮುಗಿಯುತ್ತಲೇ ಇನ್ನೊಂದು, ನಡುವೆ ಉಸಿರಾಡಲೂ ಬಿಡುವಿಲ್ಲ. ಆರನೆಯ ಹಾಡಿಗೆ ಪ್ರಿಸಿಲ್ಲಾ ಕೇಳಿದಳು, “ಅಣ್ಣಾ, ಅವ್ವ ಎಲ್ಲಿ?”

“ಅವ್ವ ಎಲ್ಲಿ ಹಾಡ್ತಿದ್ಳು?”

“ಹಾಡ್ತಿರ್ಲಿಲ್ಲ. ಹಾಡು ಮುಗದ ಮ್ಯಾಲ ಪ್ರಾರ್ಥನಾ ಮಾಡ್ತಿದ್ಳು.”

ಸರ್ ಕನ್ನಡಕ ಸರಿಮಾಡಿಕೊಂಡರು. “ಹಾಡಿನ ನಡುವಿಂದೆಲ್ಲ ಗದ್ದಲಂತ ತಗದೀನಿ. ಹಾರ್ಮೋನಿಯಂ ನಿಂತಲ್ಲಿ ಕಂಪ್ಯೂಟರೇ ಕತ್ತರಿಸ್ತದ. ಆಮ್ಯಾಲ ಫ್ಲ್ಯಾಕ್ ಮಾಡಿ, ಕತ್ತರಿಸದ ಹಳೇ ಫೈಲ್ ಅಳಿಸೀನಿ.”

“ತಗಿಯೂಕಿಂತ ಮೊದಲ ಕೇಳಲಿಲ್ಲೇನು?”

“ಟೇಪ್ ಹಚ್ಚಿ ಬಾಜಾರಕ್ಕ ಹೋಗ್ತಿದ್ದೆ. ಹದಿನಾಲ್ಕು ಕ್ಯಾಸೆಟ್ ಯಾರು ಕೇಳ್ಕೋತ ಕೂಡಬೇಕು?”

ನನಗೆ ಮೈಯೆಲ್ಲ ಉರಿಯಿತು. ಸಂಗೀತ ಕಾಪಾಡಲು ಹೊರಟ ಮಹಾಶಯರು ಕಿವಿಯನ್ನೇ ಬಳಸಿರಲಿಲ್ಲ. ಪ್ರಿಸಿಲ್ಲಾ ಮಾತ್ರ ಕೂಗಾಡಲಿಲ್ಲ.

“ನೀ ಆವಾಗ ಬೀದರ ಬೋರ್ಡಿಂಗಿನಾಗ ಇದ್ದಿ, ನಿನಗ ಗೊತ್ತಿಲ್ಲ,” ಎಂದಳು. “ವಾರಾ ವಾರಾ ಅವ್ವ ಬೇಡ್ಕೋತಿದ್ದದ್ದು ಒಂದೇ. ನನ್ನ ಹೆಸರು ಬರ್ತಿರ್ಲಿಲ್ಲ. ‘ಯೇಸಪ್ಪಾ, ನನ್ನ ಸಾಲೋಮನಗ ಬುದ್ಧಿ ಕೊಡು’ ಅಂತಿದ್ಳು.”

ಸರ್ ಹಾಡು ನಿಲ್ಲಿಸಿದರು. “ಹ್ಯಾಂಗ ಅಂತಿದ್ಳು? ಇನ್ನೊಮ್ಮಿ ಹೇಳು.”

“ನಾ ಹೇಳಿದ್ರ ಅವ್ವನ ಧ್ವನಿ ಆಗ್ತದೇನು?” ಎಂದು ಪ್ರಿಸಿಲ್ಲಾ ಚೀಲ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ಹೊರಟಳು.