ಹೆಬ್ಬೆರಳಿಗೆ ದಾರ, ಕಿಟಕಿಯಾಚೆ ಆಯಮ್ಮ

ಬೀದಿ ದೀಪ ಇನ್ನೂ ಆರಿಲ್ಲ. ಗಲ್ಲಿಯ ಮೂರನೇ ಮನೆಯ ಕಿಟಕಿಯ ಕೆಳಗೆ ನಿಂತ ಹೆಂಗಸೊಬ್ಬರು ಗೋಡೆ ತಡವುತ್ತಿದ್ದಾರೆ. ಕಿಟಕಿಯ ಸರಳುಗಳ ನಡುವಿನಿಂದ ಒಂದು ದಾರದ ತುದಿ ಇಳಿಬಿದ್ದಿದೆ. ಅದು ಕೈಗೆ ಸಿಕ್ಕಿದ ಕೂಡಲೇ ಎರಡು ಸಲ ಮೆಲ್ಲಗೆ ಎಳೆಯುತ್ತಾರೆ. ಕಾಯುತ್ತಾರೆ. ಮತ್ತೆ ಎಳೆಯುತ್ತಾರೆ. ಒಳಗಿನಿಂದ ಯಾರೋ ಒಮ್ಮೆ ಜಗ್ಗಿದಾಗ, "ಎದ್ದ ಮಹಾರಾಜ" ಎಂದು ಗೊಣಗಿ ಮುಂದಿನ ಮನೆಯತ್ತ ಹೆಜ್ಜೆ ಹಾಕುತ್ತಾರೆ.

ದಾರದ ಇನ್ನೊಂದು ತುದಿ ಇರುವುದು ಹತ್ತನೇ ತರಗತಿಯ ಹುಡುಗನೊಬ್ಬನ ಕಾಲಿನ ಹೆಬ್ಬೆರಳಲ್ಲಿ. ರಾತ್ರಿ ಮಲಗುವ ಮುಂಚೆ ಅವನೇ ಕಟ್ಟಿಕೊಂಡಿದ್ದಾನೆ. ಹೀಗೆ ಈ ಮೂರು ಗಲ್ಲಿಗಳಲ್ಲಿ ಹನ್ನೊಂದು ಕಿಟಕಿಗಳಿಂದ ದಾರ ಇಳಿಬೀಳುತ್ತಿತ್ತು. ಈಗ ಹತ್ತು. ಹನ್ನೊಂದನೆಯ ಕಿಟಕಿಯ ಕೆಳಗೂ ಈ ಹೆಂಗಸು, ಎಲ್ಲರ ಆಯಮ್ಮ, ದಿನಾ ಒಂದು ಕ್ಷಣ ನಿಲ್ಲುತ್ತಾರೆ, ತಲೆ ಎತ್ತಿ ನೋಡುತ್ತಾರೆ, ಹೊರಡುತ್ತಾರೆ.

ಆಯಮ್ಮ ಪಕ್ಕದ ಪ್ರೌಢಶಾಲೆಯ ಆಯಾ. ಗುಡಿಸುವುದು, ಬೆಲ್ ಹೊಡೆಯುವುದು, ನೀರು ತುಂಬಿಸುವುದು, ಸಂಜೆ ಬೀಗ ಹಾಕುವುದು ಅವರ ಕೆಲಸ. ಮಕ್ಕಳನ್ನು ಎಬ್ಬಿಸಿ ಎಂದು ಅವರಿಗೆ ಯಾರೂ ಹೇಳಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಚಳಿಯ ಬೆಳಿಗ್ಗೆ ಗುಡಿಸಲು ಬಂದಾಗ, ಗೇಟಿನ ದೀಪದ ಕೆಳಗೆ ಕಂಬಳಿ ಹೊದ್ದು ಓದುತ್ತಿದ್ದ ಹುಡುಗಿಯೊಬ್ಬಳು ಕಂಡಳು. ಮನೆಯಲ್ಲಿ ದೀಪ ಹಾಕಿದರೆ ಎಲ್ಲರಿಗೂ ಎಚ್ಚರವಾಗುತ್ತದೆ, ಅಪ್ಪ ಬೈಯುತ್ತಾರೆ ಎಂದಳು. ಆಯಮ್ಮ ಅವತ್ತೇ ಒಂದು ಕೊಠಡಿಯ ಬೀಗ ತೆಗೆದರು. ಆ ಮೇಲೆ ಒಬ್ಬೊಬ್ಬರಾಗಿ ಇತರ ಮಕ್ಕಳೂ ನಸುಕಿನಲ್ಲಿ ಅಲ್ಲಿಗೇ ಓದಲು ಬರತೊಡಗಿದರು. ಹೆಡ್ ಮಾಸ್ತರರಿಗೆ ವಿಷಯ ಗೊತ್ತಾದಾಗ ಅವರು ಕೊಟ್ಟ ಅಪ್ಪಣೆಯನ್ನು ಆಯಮ್ಮ ಈಗಲೂ ಅವರ ದನಿಯಲ್ಲೇ ಹೇಳಿ ನಗುತ್ತಾರೆ: "ನನಗೇನೂ ಗೊತ್ತಿಲ್ಲ ಆಯಮ್ಮ. ಫ್ಯಾನ್ ಮಾತ್ರ ಹಾಕಬೇಡಿ."

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಬಲ್ಲವರು. ಈ ಗಲ್ಲಿಯ ಮನೆಗಳಲ್ಲಿ ಹಾಸಿಗೆಗಿಂತ ಕಾಲುಗಳೇ ಹೆಚ್ಚು. ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ನಿದ್ದೆ, ಅದರಲ್ಲೇ ಟಿವಿ. ಒಬ್ಬರು ಕೆಲಸದಿಂದ ಬಂದು ಮಲಗುವ ಹೊತ್ತಿಗೆ ಇನ್ನೊಬ್ಬರು ಕೆಲಸಕ್ಕೆ ಏಳುತ್ತಾರೆ. ಓದುವ ಮಗುವಿಗೆ ಅಲ್ಲಿ ಒಂದು ಮೊಳ ಜಾಗ, ಒಂದು ಗಂಟೆ ಮೌನ ಸಿಗುವುದು ದುಸ್ತರ.

"ಅಲಾರಾಂ ಇಡ್ರೋ ಅಂದೆ ಮೊದಮೊದ್ಲು," ಎನ್ನುತ್ತಾರೆ ಆಯಮ್ಮ. "ಅಲಾರಾಂ ಹೊಡೆದ್ರೆ ಮನೆಮಂದಿಯೆಲ್ಲ ಏಳ್ತಾರೆ. ಕೂಸು ಎದ್ರಂತೂ ಮುಗೀತು, ಅಮ್ಮ ಅದನ್ನ ಇವರ ಕೈಗೇ ಕೊಡ್ತಾಳೆ. ಬಾಗ್ಲು ಬಡಿದ್ರೂ ಅದೇ ಕಥೆ. ಅದಕ್ಕೆ ದಾರ. ಎಚ್ಚರ ಆಗ್ಬೇಕಾದವರಿಗೆ ಮಾತ್ರ ಆಗ್ಬೇಕು, ನೋಡಿ."

ಫಲಿತಾಂಶ ಬಂದ ದಿನ ನಮ್ಮಂಥ ಪತ್ರಿಕೆಗಳು ಮೊದಲ ಸ್ಥಾನ ಬಂದವರ ಫೋಟೊ ಹಾಕುತ್ತವೆ. ಬುದ್ಧಿ, ಶ್ರದ್ಧೆ, ಶಿಸ್ತು ಎಂದು ಕಾರಣಗಳನ್ನು ಬರೆಯುತ್ತವೆ. ನಪಾಸಾದವರಿಗೆ ಆಸಕ್ತಿಯಿಲ್ಲ ಎಂದು ಒಂದೇ ಸಾಲಿನಲ್ಲಿ ಷರಾ ಬರೆದು ಕೈತೊಳೆದುಕೊಳ್ಳುತ್ತೇವೆ. ರಾತ್ರಿ ನಿದ್ದೆ ಮಾಡಲು ಅವರಿಗೊಂದು ಮೂಲೆ ಇತ್ತೇ ಎಂದು ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಆಯಮ್ಮ ಇದನ್ನೇ ತಮ್ಮ ಮಾತಿನಲ್ಲಿ ಹೇಳುತ್ತಾರೆ: "ಪ್ರಶ್ನೆಪತ್ರಿಕೆ ಎಲ್ಲಾರಿಗೂ ಒಂದೇ. ನಿದ್ದೆ ಒಂದೇ ಅಲ್ವಲ್ಲ."

ಹಾಗೆಂದು ಆಯಮ್ಮನನ್ನು ಸಾಧ್ವಿಯನ್ನಾಗಿ ಮಾಡುವುದು ಬೇಡ. ಬಾಯಿ ಜೋರು, ಮುಂಗೋಪ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಕೊಠಡಿಯಲ್ಲಿ ಸುಮ್ಮನೆ ಓಡಾಡುತ್ತಾರೆ, ತೂಕಡಿಸುವವರ ಬೆಂಚಿಗೆ ಪೊರಕೆಯ ಹಿಡಿಯಿಂದ ತಟ್ಟುತ್ತಾರೆ. ತಾವೇ ಓದಿಸುವವರಂತೆ ಪುಸ್ತಕಕ್ಕೆ ಇಣುಕುತ್ತಾರೆ. ಹೋದ ವರ್ಷ ಹುಡುಗನೊಬ್ಬ ವಿಜ್ಞಾನದ ಪುಸ್ತಕದೊಳಗೆ ಸಿನಿಮಾ ಪತ್ರಿಕೆ ಇಟ್ಟುಕೊಂಡು ಎರಡು ವಾರ ಓದಿದ. ಅವನ ಏಕಾಗ್ರತೆಯನ್ನು ಆಯಮ್ಮ ಎಲ್ಲರೆದುರು ಹೊಗಳಿದ್ದರು. "ಪಾಸೂ ಆದ ಕಳ್ಳ," ಎಂದು ಈಗಲೂ ಹಲ್ಲು ಕಡಿಯುತ್ತಲೇ ನಗುತ್ತಾರೆ.

ಹನ್ನೊಂದನೆಯ ಕಿಟಕಿಯ ಮಾತು ಬಂದರೆ ಮಾತ್ರ ಈ ನಗು ಇಂಗಿಹೋಗುತ್ತದೆ. ಅದು ಗುಬ್ಬಿಯ ಮನೆ. ಗುಬ್ಬಿ ಎಂದರೆ ಎಲ್ಲರಿಗಿಂತ ಮೊದಲು ಬಂದು ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದ, ಗಣಿತವೆಂದರೆ ಪ್ರಾಣ ಬಿಡುವ ಹುಡುಗಿ. ಅಪ್ಪ ಬೇಕರಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಹಿಟ್ಟಿನ ಮೂಟೆ ಹೊತ್ತು, ಹಿಟ್ಟು ನಾದಿ, ನಸುಕಿನಲ್ಲಿ ಮನೆಗೆ ಬಂದು ಮಲಗುತ್ತಾರೆ. ಅಮ್ಮ ಎರಡು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ.

ಪರೀಕ್ಷೆಗೆ ಒಂದು ತಿಂಗಳಿರುವಾಗ ಗುಬ್ಬಿಯ ಅಜ್ಜಿ ಕಾಯಿಲೆ ಬಿದ್ದು ಇವರ ಮನೆಗೆ ಬಂದರು. ಗಾಳಿ ಬರಲಿ ಎಂದು ಅಜ್ಜಿಯನ್ನು ಕಿಟಕಿಯ ಪಕ್ಕ ಮಲಗಿಸಿದರು. ಗುಬ್ಬಿ ಎದುರಿನ ಮೂಲೆಗೆ ಹೋದಳು. ಬೆಳಗಿನ ಓದು ತಪ್ಪಬಾರದೆಂದು ಅವಳು ಒಂದು ಉಪಾಯ ಮಾಡಿದಳು. ದಾರಕ್ಕೆ ಇನ್ನೊಂದು ದಾರ ಗಂಟು ಹಾಕಿ, ಕೋಣೆಯ ಈ ಕಡೆಯಿಂದ ಆ ಕಡೆಗೆ ಎಳೆದು ಕಾಲಿಗೆ ಕಟ್ಟಿಕೊಂಡಳು. ಆಯಮ್ಮನಿಗೆ ಇದು ಗೊತ್ತಿಲ್ಲ. ಅಪ್ಪನಿಗೂ ಗೊತ್ತಿಲ್ಲ.

"ನಾನು ಎಳೆದೆ. ಅಲ್ಲಾಡ್ಲಿಲ್ಲ. ಇವತ್ತೇನು ಇವಳು ಇಷ್ಟು ಭಾರ ಆಗಿದ್ದಾಳೆ ಅಂತ ಇನ್ನೂ ಜೋರಾಗಿ ಎಳೆದೆ," ಎನ್ನುತ್ತಾರೆ ಆಯಮ್ಮ. "ಒಳಗೆ ಧಡ್ ಅಂತು."

ಅದೇ ಗಳಿಗೆಯಲ್ಲಿ ಕೆಲಸದಿಂದ ಬಂದ ಅಪ್ಪ, ಮಲಗಿದವರಿಗೆ ತೊಂದರೆಯಾಗದಿರಲಿ ಎಂದು ದೀಪ ಹಾಕದೆ ಒಳಗೆ ಕಾಲಿಟ್ಟಿದ್ದರು. ಬಿಗಿಯಾದ ದಾರ ಅವರ ಕಾಲಿಗೆ ಸಿಕ್ಕಿತು. ಬಿದ್ದವರು ಕೈ ಊರಿದರು, ಮಣಿಕಟ್ಟಿನ ಮೂಳೆ ಮುರಿಯಿತು. ಅಪ್ಪ ಒಂದೇ ಕೈಯಲ್ಲಿ ಆ ದಾರವನ್ನು ಕಿತ್ತು ಹೊರಗೆಸೆದರು. ಅದು ಬಂದು ಬಿದ್ದದ್ದು ಆಯಮ್ಮನ ಹೆಗಲ ಮೇಲೆ.

ಕೆಲಸ ಕೈತಪ್ಪಬಾರದೆಂದು ಗಂಡನ ಬದಲಿಗೆ ಹೆಂಡತಿ ರಾತ್ರಿ ಬೇಕರಿಗೆ ಹೋಗತೊಡಗಿದರು. ಬೆಳಗಿನ ಪಾತ್ರೆಯ ಕೆಲಸ ಗುಬ್ಬಿಯ ಪಾಲಿಗೆ ಬಂತು. ರಾತ್ರಿ ಅಜ್ಜಿಯನ್ನು ಎತ್ತಿ ಕೂರಿಸುವುದೂ ಅವಳೇ, ಅಪ್ಪನಿಗೆ ಇರುವುದು ಒಂದೇ ಕೈ. ಪಾತ್ರೆ ತೊಳೆಯುವ ಎರಡು ಮನೆಗಳಲ್ಲಿ ಒಂದು ಅವಳದೇ ತರಗತಿಯ ಹುಡುಗಿಯದು. ಆ ಹುಡುಗಿಗೆ ಬೇರೆ ಕೋಣೆಯಿದೆ, ಮೇಜಿದೆ, ಮನೆಗೇ ಬಂದು ಪಾಠ ಹೇಳುವ ಮೇಷ್ಟ್ರಿದ್ದಾರೆ. ಅದು ಅವಳ ತಪ್ಪೇನಲ್ಲ. ಒಳ್ಳೆಯ ಮಗು, ಗುಬ್ಬಿ ಬಂದರೆ ತಾನೇ ನಾಚಿಕೊಂಡು ಬಾಗಿಲು ಮುಂದೆ ಮಾಡುತ್ತದೆ.

ಶಾಲೆಯ ನಲ್ಲಿಯ ಬಳಿ ಗುಬ್ಬಿ ಒಮ್ಮೆ ಆಯಮ್ಮನಿಗೆ ಹೇಳಿದಳಂತೆ: "ಅವಳ ಮೇಜು ಒರೆಸೋವಾಗ ಮೇಷ್ಟ್ರು ಹಾಕಿಕೊಟ್ಟ ಲೆಕ್ಕ ನೋಡಿದೆ ಆಯಮ್ಮ. ಮನಸ್ಸಲ್ಲೇ ಮಾಡ್ಕೊಂಡೆ. ನನ್ನ ಉತ್ತರಾನೂ ಅದೇ ಬಂತು." ಆಯಮ್ಮನಿಗೆ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಮಾಡದೆ, ನಲ್ಲಿ ಸರಿಯಾಗಿ ನಿಲ್ಲಿಸಿಲ್ಲವೆಂದು ಅವಳಿಗೇ ಬೈದರು.

ಆ ಮೇಲೆ ಅವರಿಗೆ ಸಮಾಧಾನವಿಲ್ಲ. ಒಳ್ಳೆಯದು ಮಾಡಲು ಹೋಗಿ ಒಂದು ಮನೆಯ ದುಡಿಯುವ ಕೈಯನ್ನೇ ಮುರಿದೆನಲ್ಲ ಎಂಬ ಸಂಕಟ ಉಂಡರೂ ಕಾಡುತ್ತದೆ, ಮಲಗಿದರೂ ಕಾಡುತ್ತದೆ. ಗುಬ್ಬಿ ನಪಾಸಾದರೆ ಮುಂದೇನೆಂಬುದು ಆಗಲೇ ನಿಶ್ಚಯವಾಗಿದೆ: ಅದೇ ಬೇಕರಿಯಲ್ಲಿ ಬ್ರೆಡ್ ಕಟ್ಟುವ ಕೆಲಸ. ಮಾಲೀಕರು ಅವಳಿಗೊಂದು ಜಾಗ ನೋಡಿಟ್ಟಿದ್ದಾರೆ.

ಪರೀಕ್ಷೆಯ ಹಿಂದಿನ ವಾರ ಆಯಮ್ಮ ಗುಬ್ಬಿಯ ಮನೆಗೆ ಹೋದರು. ಅಪ್ಪ ಹೊಸ್ತಿಲ ಮೇಲೆ ಕುಳಿತಿದ್ದರು, ಪಟ್ಟಿ ಕಟ್ಟಿದ ಕೈ ಕೊರಳಿಗೆ ಜೋತುಬಿದ್ದಿತ್ತು.

"ಅಣ್ಣಾ, ಪರೀಕ್ಷೆ ಮುಗಿಯೋ ತನಕ ಆ ಎರಡು ಮನೆ ಪಾತ್ರೆ ನಾನು ತೊಳೀತೀನಿ. ಮಗು ಮಲಗ್ಲಿ."

"ಬೇಡಮ್ಮ."

"ನನ್ನಿಂದ ಆಗಿದ್ದಲ್ವಾ ಇದು."

"ಯಾರಿಂದ ಆಗಿದ್ದು ಅಂತ ನಾನು ಕೇಳಿದ್ನಾ? ನಿಮಗೆ ಶಾಲೆ ಇದೆ, ಆ ಮಕ್ಕಳಿದ್ದಾರೆ. ನಮ್ಮ ಮನೆ ಕೆಲಸ ನಾವು ಮಾಡ್ಕೋತೀವಿ." ಕೊರಳಿನ ಪಟ್ಟಿಯನ್ನು ಸರಿಪಡಿಸಿಕೊಂಡು ಅವರೇ ಮುಂದುವರಿಸಿದರು: "ಅವಳು ಪಾಸಾಗ್ಲಿ ಅಂತ ನಂಗಿಲ್ವಾ? ಮೂಟೆ ಹೊರೋ ಮನೇಲಿ ಇನ್ನೊಬ್ಬರು ಮೂಟೆ ಹೊರ್ಲಿ ಅಂತ ಯಾವ ಅಪ್ಪನಿಗಾದ್ರೂ ಆಸೆ ಇರುತ್ತಾ?"

ಆಯಮ್ಮ ಎದ್ದು ಬಂದರು. ದಾರಿಯುದ್ದಕ್ಕೂ ಆತನನ್ನು ಬೈದುಕೊಂಡರು. ಮನೆ ಮುಟ್ಟುವ ಹೊತ್ತಿಗೆ ತಮ್ಮನ್ನೇ.

ಇವತ್ತು ಗಣಿತದ ಪರೀಕ್ಷೆ. ಕೇಂದ್ರ ಇದೇ ಶಾಲೆ. ಗೇಟಿನಲ್ಲಿ ಆಯಮ್ಮ ಗುಬ್ಬಿಯನ್ನು ತಡೆದು ನಿಲ್ಲಿಸುತ್ತಾರೆ. ಹುಡುಗಿಯ ಕಣ್ಣುಗಳು ಕೆಂಪಾಗಿವೆ, ಬೆರಳ ತುದಿಗಳು ಸೋಪಿನ ನೀರಿಗೆ ಸುಕ್ಕುಗಟ್ಟಿವೆ.

"ತಿಂದ್ಯಾ?"

"ಹ್ಞೂಂ."

"ನಿದ್ದೆ ಮಾಡಿದ್ಯಾ?"

"ಅಜ್ಜಿಗೆ ರಾತ್ರಿ ಜಾಸ್ತಿ ಆಯ್ತು. ಪರೀಕ್ಷೆ ಆದ್ಮೇಲೆ ಮಾಡ್ತೀನಿ ಬಿಡಿ."

ಪರೀಕ್ಷೆಯ ಹೊತ್ತಿನಲ್ಲಿ ಆಯಮ್ಮನದು ನೀರು ಕೊಡುವ ಕೆಲಸ. ಯಾರಾದರೂ ಕೈ ಎತ್ತಿದರೆ ಹೋಗಿ ಕೊಡಬೇಕು. ಮಾತಾಡಬಾರದು, ಮಕ್ಕಳನ್ನು ಮುಟ್ಟಬಾರದು. ಮೇಲ್ವಿಚಾರಣೆಗೆ ಬೇರೆ ಶಾಲೆಯಿಂದ ಮೇಡಂ ಒಬ್ಬರು ಬಂದಿದ್ದಾರೆ, ಕಟ್ಟುನಿಟ್ಟಿನವರು. ಕಾರಿಡಾರಿನಲ್ಲಿ ಆಯಮ್ಮ ನಿಂತಲ್ಲಿ ನಿಲ್ಲುತ್ತಿಲ್ಲ. ಕಿಟಕಿಯಿಂದ ಇಣುಕುವುದು, ಎರಡು ಹೆಜ್ಜೆ ಹೋಗುವುದು, ಮತ್ತೆ ಬಂದು ಇಣುಕುವುದು.

ಅರ್ಧ ಹೊತ್ತು ಕಳೆದಿರಬಹುದು. ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತುತ್ತಾನೆ. ಸ್ಟೀಲಿನ ತಟ್ಟೆಯಲ್ಲಿ ನೀರಿನ ಲೋಟಗಳನ್ನಿಟ್ಟುಕೊಂಡು ಆಯಮ್ಮ ಒಳಗೆ ಹೋಗುತ್ತಾರೆ. ಗುಬ್ಬಿ ಬಗ್ಗಿ ಬರೆಯುತ್ತಿದ್ದಾಳೆ ಎಂದೇ ಮುಂದಿನಿಂದ ನೋಡಿದವರಿಗೆ ಕಾಣುತ್ತದೆ. ಪಕ್ಕಕ್ಕೆ ಬಂದ ಆಯಮ್ಮ ಅಲ್ಲೇ ನಿಂತುಬಿಡುತ್ತಾರೆ. ಹುಡುಗಿಯ ಹಣೆ ತೋಳಿನ ಮೇಲಿದೆ. ಪೆನ್ನು ಬೆರಳುಗಳ ನಡುವೆಯೇ ಇದೆ, ಆದರೆ ಅದು ಎಳೆದ ಗೆರೆ ಲೆಕ್ಕದಿಂದ ಹೊರಬಿದ್ದು ಹಾಳೆಯ ಅಂಚಿಗೆ ಹೋಗಿ ನಿಂತಿದೆ. ಉಸಿರು ನೀಳವಾಗಿ ಬರುತ್ತಿದೆ.

ಆಯಮ್ಮ ಮೇಡಂ ಕಡೆ ನೋಡಿ, ಗುಬ್ಬಿಯತ್ತ ಕಣ್ಣು ತೋರಿಸುತ್ತಾರೆ. ಮೇಡಂ ತುಟಿಯ ಮೇಲೆ ಬೆರಳಿಟ್ಟು, ನೀರು ಕೊಟ್ಟು ಹೊರಗೆ ನಡೆಯಿರಿ ಎಂದು ಸನ್ನೆ ಮಾಡುತ್ತಾರೆ. ಎರಡನೇ ಸಲ ನೋಡಿದರೆ ಕಣ್ಣು ಕೆಂಪಗೆ ಮಾಡುತ್ತಾರೆ. ಮುಟ್ಟಿದರೆ ಹುಡುಗಿಗೇ ಅಪಾಯ, ಏನೋ ಹೇಳಿಕೊಟ್ಟರೆಂದು ಉತ್ತರಪತ್ರಿಕೆಯನ್ನೇ ಕಿತ್ತುಕೊಂಡಾರು. ಗೋಡೆಯ ಗಡಿಯಾರ ಮಾತ್ರ ಯಾರ ಹಂಗೂ ಇಲ್ಲದೆ ಓಡುತ್ತಿದೆ.

ಗುಬ್ಬಿಯ ಬೆಂಚಿನ ಪಕ್ಕದಲ್ಲೇ ತಟ್ಟೆ ನೆಲಕ್ಕೆ ಬೀಳುತ್ತದೆ. ಲೋಟಗಳು ಒಂದರ ಹಿಂದೊಂದು ಠಣಠಣನೆ ಉರುಳಿ ಗೋಡೆಯವರೆಗೂ ಹೋಗುತ್ತವೆ. ಕೋಣೆಯಲ್ಲಿದ್ದ ಎಲ್ಲ ತಲೆಗಳೂ ಮೇಲೇಳುತ್ತವೆ. ಗುಬ್ಬಿಯದೂ.

"ಏನ್ರೀ ಇದು, ಒಂದು ಲೋಟ ನೆಟ್ಟಗೆ ಹಿಡಿಯೋಕೆ ಬರಲ್ವಾ ನಿಮಗೆ?" ಎಂದು ಮೇಡಂ ಎದ್ದು ಬರುತ್ತಾರೆ.

"ಕೈ ಜಾರ್ತು ಮೇಡಂ," ಎನ್ನುತ್ತಾರೆ ಆಯಮ್ಮ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ನೀರು ಒರೆಸುತ್ತಾರೆ. ಒಂದು ಬೊಗಸೆ ನೀರಿಗೆ ಅಷ್ಟು ಹೊತ್ತು ಬೇಕಿಲ್ಲ. ತಲೆಯ ಮೇಲಿನ ಬೆಂಚಿನಲ್ಲಿ ಹಾಳೆ ತಿರುಗಿದ ಸದ್ದು, ಆಮೇಲೆ ಪೆನ್ನು ಅವಸರದಲ್ಲಿ ಓಡುವ ಸದ್ದು ಕೇಳುವ ತನಕ ಒರೆಸುತ್ತಲೇ ಇರುತ್ತಾರೆ.

ಗುಬ್ಬಿ ಪಾಸಾಗುತ್ತಾಳೋ ಇಲ್ಲವೋ ಇನ್ನೂ ಯಾರಿಗೂ ತಿಳಿಯದು. ಎಷ್ಟು ಲೆಕ್ಕ ಉಳಿದುಹೋದವೆಂದು ಅವಳೂ ಹೇಳಿಲ್ಲ, ಆಯಮ್ಮನೂ ಕೇಳಿಲ್ಲ. ಹೊರಗೆ ಹೆಡ್ ಮಾಸ್ತರರು ಕರೆಸಿ ಎರಡು ಮಾತು ಬೈದಿದ್ದಾರೆ, ವಯಸ್ಸಾಯಿತೆಂದು ಸಹೋದ್ಯೋಗಿಯೊಬ್ಬರು ಕನಿಕರಪಟ್ಟಿದ್ದಾರೆ. ಎಲ್ಲಕ್ಕೂ ತಲೆಯಾಡಿಸಿ ಬಂದ ಆಯಮ್ಮ, ನಜ್ಜಿದ ಲೋಟವೊಂದನ್ನು ಸೆರಗಿನಿಂದ ಒರೆಸುತ್ತಾ, ಮೊದಲ ಬಾರಿಗೆ ಇವತ್ತು ಒಂದು ಕಡೆ ಕೂರುತ್ತಾರೆ.

"ಇಪ್ಪತ್ತು ವರ್ಷದಿಂದ ಈ ಶಾಲೇಲಿ ನೀರು ಕೊಡ್ತಿದ್ದೀನಿ," ಎನ್ನುತ್ತಾರೆ ಸಣ್ಣ ದನಿಯಲ್ಲಿ. "ನನ್ನ ಕೈಯಿಂದ ಒಂದು ಲೋಟ ಜಾರಿದ್ದು ಯಾರಾದ್ರೂ ನೋಡಿದ್ದಾರಾ, ಕೇಳಿ."