ಬಾಗಿಲಿಂದ ಮಗುವಿಗೆ ಮೂರು ಅಡಿ ಹನ್ನೊಂದೂಕಾಲು ಇಂಚು

ಮಗು ಹುಟ್ಟಿದ ಇಪ್ಪತ್ತೊಂದನೆಯ ದಿನ ನಾನು ಲೆನ್ಸ್ ಆರಿಸಲು ಕೂತೆ. ಇಪ್ಪತ್ತೊಂದು ಎನ್ನುವುದು ಅಮ್ಮನ ಲೆಕ್ಕ. ನನ್ನ ಬಳಿ ಆಗ ತಾರೀಖೇ ಇರಲಿಲ್ಲ, ಒಂದು ಸಲ ಹಾಲು ಕುಡಿಸುವುದಕ್ಕೂ ಇನ್ನೊಂದು ಸಲಕ್ಕೂ ನಡುವಿನ ತೂಕಡಿಕೆ ಇತ್ತು, ಅಷ್ಟೆ.

ಪೀಣ್ಯದಲ್ಲಿ ಅಮ್ಮನ ಮನೆಯ ಹಿಂದಿನ ಕೋಣೆ. ಮುಚ್ಚಿದ ಕಿಟಕಿ, ಅದಕ್ಕೆ ಅಡ್ಡ ಕಟ್ಟಿದ ಬೆಡ್‌ಶೀಟು, ಅದೂ ಸಾಲದೆ ಸಾಂಬ್ರಾಣಿ ಹೊಗೆ. ಪಕ್ಕದ ಶೆಡ್ಡಿನ ಲೇತ್ ಮಷೀನು ಕಬ್ಬಿಣ ಕೆರೆಯುವಾಗ ಮಗು ಸುಖವಾಗಿ ಮಲಗುತ್ತಿತ್ತು, ಭಾನುವಾರ ಮಷೀನು ನಿಂತರೆ ಅಳುತ್ತಿತ್ತು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಹೊಟ್ಟೆಗೆ ಹಳೇ ಸೀರೆಯ ಬಿಗಿ ಸುತ್ತು, ಮೇಲೊಂದು ಸ್ವೆಟರು. ಏಪ್ರಿಲ್ ತಿಂಗಳಲ್ಲಿ ನಾನು ಕೊರಿಯರ್‌ಗೆ ಕಟ್ಟಿಟ್ಟ ಪಾರ್ಸೆಲ್ಲಿನಂತೆ ಕೂತಿದ್ದೆ. ಎಲ್ಲಕ್ಕಿಂತ ದೊಡ್ಡ ಕಾನೂನು ಕಣ್ಣಿನದು. ಬಾಣಂತಿ ಕಣ್ಣಿಗೆ ಕೆಲಸ ಕೊಡಬಾರದು, ಕೊಟ್ಟರೆ ನಲವತ್ತಕ್ಕೆ ಕುರುಡಿ. ಹಾಗಾಗಿ ನನ್ನ ಫೋನು ಅಮ್ಮನ ಬೀರುವಿನಲ್ಲಿತ್ತು.

ಹೊಟ್ಟೆಪಾಡಿಗೆ ನಾನು ಮಾಡುತ್ತಿದ್ದದ್ದು ಕ್ಯಾಮೆರಾದ ಕೆಲಸವೇ. ಕಾರ್ಖಾನೆಗಳಲ್ಲಿ ಬಾಟಲಿಯ ಮುಚ್ಚಳ ಸೊಟ್ಟಗಿದೆಯೇ ಎಂದು ನೋಡುವ ಕ್ಯಾಮೆರಾಗಳಿರುತ್ತವಲ್ಲ, ಅವಕ್ಕೆ ಎಷ್ಟು ದೂರಕ್ಕೆ ಯಾವ ಲೆನ್ಸ್ ಎಂದು ಹೇಳುವವಳು ನಾನು. ದಿನಕ್ಕೆ ಲಕ್ಷ ಮುಚ್ಚಳ ನೋಡಬಹುದು, ನಾನು ಹೆತ್ತ ಒಂದು ಮುಖ ನೋಡಿದರೆ ಕಣ್ಣು ಹೋಗುತ್ತದೆ!

ಆ ಮುಖವೋ ದಿನಕ್ಕೊಂದು ಥರ ಆಗುತ್ತಿತ್ತು. ಹುಟ್ಟಿದ ದಿನ ರಿಟೈರಾದ ತಹಶೀಲ್ದಾರನ ಹಾಗಿದ್ದದ್ದು ಈಗ ಯಾರ ಹಾಗೂ ಇರಲಿಲ್ಲ. ಮೊನ್ನೆಯದು ಹೇಗಿತ್ತು ಎಂದು ನೆನೆಸಿಕೊಳ್ಳಲು ಹೋದರೆ ಇವತ್ತಿನದೇ ಬಂದು ಅಡ್ಡ ನಿಲ್ಲುತ್ತಿತ್ತು. "ನೀನೂ ಇಂಗೇ ಇದ್ದೆ ಕಣೇ," ಎನ್ನುವಳು ಅಮ್ಮ. ಸಾಕ್ಷಿ ಏನು? ನನ್ನ ಕೂಸುತನದ ಫೋಟೊ ಇರುವುದು ಒಂದೇ. ಸ್ಟುಡಿಯೋದ ಪರದೆಯ ಮುಂದೆ ಅಳುವ ಒಂದು ಮಗು, ಅದರ ಬೆನ್ನಿಗೆ ಪರದೆಯೊಳಗಿಂದ ಬಂದ ಒಂದು ಬಳೆ ತೊಟ್ಟ ಕೈ. ಕೈ ತನ್ನದು ಎನ್ನುತ್ತಾಳೆ ಅಮ್ಮ. ನನ್ನದು ಎನ್ನುತ್ತಾಳೆ ಚಿಕ್ಕಮ್ಮ. ಮಗು ನಾನೇ ಎಂಬುದಕ್ಕಾದರೂ ಏನು ಗ್ಯಾರಂಟಿ? ನನ್ನ ಮಗುವಿಗೆ ಈ ಗತಿ ಬೇಡವಾಗಿತ್ತು. ಮುಖ ಇನ್ನೊಂದಾಗುವ ಮೊದಲು ನಾನೇ ನೋಡಿ, ನಾನೇ ಒತ್ತಿದ ಒಂದು ಫೋಟೊ ಬೇಕಿತ್ತು. ಅದರಲ್ಲಿ ಮಗು ಮಾತ್ರ ಇರಬೇಕು, ಯಾರ ಕೈಯೂ ಕೂಡದು.

ಗಂಡ ಬೇಗೂರಿನ ನಮ್ಮ ಬಾಡಿಗೆ ಮನೆಯಿಂದ ಭಾನುವಾರ ಮಾತ್ರ ಬರುತ್ತಿದ್ದ. ಅವನು ತೆಗೆದ ಮೊಬೈಲ್ ಫೋಟೊಗಳಲ್ಲಿ ಮಗು ಎಂದರೆ ಕಿತ್ತಳೆ ಬಣ್ಣದ ಆಲೂಗಡ್ಡೆ. ನನ್ನ ಹಳೇ ಕ್ಯಾಮೆರಾದ ಜೊತೆ ಬಂದಿದ್ದ ಲೆನ್ಸಿಗೂ ಆ ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ. ಹೊಸ ಲೆನ್ಸಿಗೆಂದು ಗಂಡ ಕ್ಯಾಮೆರಾ ಅಂಗಡಿಯವನನ್ನು ಕೇಳಿಕೊಂಡು ಬಂದಿದ್ದ.

"ಪಾಪುಗೆ ಎಂಬತ್ತೈದು ಎಂಎಂ ಲೆನ್ಸೇ ಬೆಸ್ಟಂತೆ ಕಣೇ. ಹಿಂದಗಡೆ ಇರೋದೆಲ್ಲ ಬೆಣ್ಣೆ ಥರ ಕರಗೋಗತ್ತಂತೆ."

ಹಿಂದಗಡೆ ಇದ್ದದ್ದು ಒಣಹಾಕಿದ ಬಟ್ಟೆ, ಎಣ್ಣೆ ಬಾಟಲಿ, ನನ್ನ ಬಕೆಟ್ಟು. ಕರಗಿದರೆ ಪುಣ್ಯ. ಆದರೆ ಲೆನ್ಸಿನ ನಂಬರು ದೊಡ್ಡದಾದಷ್ಟೂ ದೂರ ನಿಲ್ಲಬೇಕು. "ಮೊದ್ಲು ಅಳತೆ ತಗೊಳೋ," ಅಂದೆ.

ಅವನು ಕಾರ್ಖಾನೆಯಲ್ಲಿ ಗೇರ್ ಚಕ್ರಗಳನ್ನು ಅಳೆದು ಪಾಸು, ಫೇಲು ಎನ್ನುವ ಉದ್ಯೋಗದವನು. ಜೇಬಿನಲ್ಲಿ ಟೇಪು ಇಲ್ಲದೆ ಮದುವೆಮನೆಗೂ ಹೋಗುವುದಿಲ್ಲ. ಮುಚ್ಚಿದ ಬಾಗಿಲಿಂದ ಮಂಚದ ಮೇಲಿನ ಮಗುವಿನವರೆಗೆ ಟೇಪು ಎಳೆದ.

"ಅಳಿಯಂದ್ರೇ, ಮಲಗಿರೋ ಮಗೂನ ಅಳೀಬಾರ್ದು!" ಮೂಲೆಯಲ್ಲಿ ಸಾಂಬ್ರಾಣಿ ಹಾಕುತ್ತಿದ್ದ ಅಮ್ಮ ಓಡಿ ಬಂದಳು.

"ಮಗೂನಲ್ಲ ಅತ್ತೆ, ರೂಮನ್ನ. ಮೂರಡಿ ಹನ್ನೊಂದೂಕಾಲು ಇಂಚು."

ಕಣ್ಣು ಮುಚ್ಚಿ ಲೆಕ್ಕ ಹಾಕಿದೆ. ನಿದ್ದೆ ಬಂತೆಂದು ಅಮ್ಮ ಸಂತೋಷಪಟ್ಟಳು. ಎಂಬತ್ತೈದಾದರೆ ಇಡೀ ಮಗು ಸಿಗಲು ನಾನು ಬಾಗಿಲಾಚೆಗೆ ಹೋಗಬೇಕು, ಬಾಣಂತಿಗೆ ಬಾಗಿಲಾಚೆ ಎಂದರೆ ಗಾಳಿ, ಗಾಳಿ ಎಂದರೆ ಮರಣ. ಮೂವತ್ತೈದಾದರೆ ಮಗುವಿನ ಜೊತೆ ಬಕೆಟ್ಟೂ ಬರುತ್ತದೆ, ಸದಾ ಮಗುವಿನ ಕುಲಾವಿ ಸರಿಮಾಡುವ ಅಮ್ಮನೂ ಬರುತ್ತಾಳೆ. ಐವತ್ತಾದರೆ ತಲೆಯಿಂದ ಕಾಲಿನವರೆಗೆ ಮಗು, ಆಮೇಲೆ ಫ್ರೇಮು ಖತಂ. ಕತ್ತಲಲ್ಲೂ ನಡೆಯುವಂಥ ಐವತ್ತು ತಾ ಎಂದೆ.

ಮುಂದಿನ ಭಾನುವಾರ ತಂದ. ಅಮ್ಮ ಮಗುವಿನ ಕೆನ್ನೆಗೆ ನಾಣ್ಯದಗಲ ದೃಷ್ಟಿಬೊಟ್ಟು ಇಟ್ಟಳು, ಕ್ಯಾಮೆರಾದ ಮೈಗೂ ಒಂದು ಇಟ್ಟಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಕಣ್ಣಿಟ್ಟೆ. ಅರ್ಧ ಮಗು. ಹಿಂದೆ ಸರಿದೆ, ಬಾಗಿಲು ಬಡಿಯಿತು. ತಲೆ ಇಟ್ಟರೆ ಕಾಲಿಲ್ಲ, ಕಾಲು ಇಟ್ಟರೆ ತಲೆಯಿಲ್ಲ. ತಲೆ ಇಟ್ಟು ಒಂದು ಒತ್ತಿದೆ.

"ಅಳತೆ ತಪ್ಪಿದ್ಯಲ್ಲೋ!"

"ನನ್ನ ಅಳತೆ ತಪ್ಪಲ್ಲ ಕಣೇ," ಎಂದು ಮತ್ತೆ ಟೇಪು ಎಳೆದ. ಮೂರಡಿ ಹನ್ನೊಂದೂಕಾಲು. ಸರಿಯಾಗೇ ಇತ್ತು. ತಪ್ಪು ಎಲ್ಲೆಂದು ಆಗ ಹೊಳೆಯಿತು. ಕಾರ್ಖಾನೆಯಲ್ಲಿ ಕ್ಯಾಮೆರಾವನ್ನು ಕಂಬಕ್ಕೆ ಬೋಲ್ಟು ಹಾಕಿ ಕೂರಿಸುತ್ತೇವೆ, ಹಿಂದೆ ಮನುಷ್ಯರಿರುವುದಿಲ್ಲ. ಇಲ್ಲಿ ಬಾಗಿಲಿಗೂ ಕ್ಯಾಮೆರಾಕ್ಕೂ ನಡುವೆ ಸ್ವೆಟರು, ಸೀರೆ ಸುತ್ತಿದ ಹೊಟ್ಟೆ, ಹಾಲು ತುಂಬಿದ ಎದೆ, ಎಲ್ಲ ಸೇರಿ ನಾನಿದ್ದೆ. ನನ್ನನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದೂವರೆ ಅಡಿ ದಪ್ಪ!

ಅಮ್ಮ ಕ್ಯಾಮೆರಾದ ಪರದೆಗೆ ಮೂಗು ತಾಗಿಸಿ ನೋಡಿದಳು. "ಕಾಲೆಲ್ಲೇ? ನಮ್ ಕೂಸಿಗೆ ಕಾಲಿಲ್ವಾ? ಮೊದಲ್ನೇ ಫೋಟೊನೇ ಕಾಲಿಲ್ದೇ ತೆಗೀತಾಳೆ! ಅಪಶಕುನ, ಅಳಿಸೇ ಅದನ್ನ."

"ಜಾಗ ಇಲ್ಲಮ್ಮಾ. ಇನ್ನೂ ಹಿಂದೆ ಹೋಗ್ಬೇಕು."

ಅಮ್ಮನ ಮುಖದಲ್ಲಿ ಗಾಳಿಗೂ ಅಪಶಕುನಕ್ಕೂ ಕುಸ್ತಿ ನಡೆಯಿತು. ಮುಗಿಯುವವರೆಗೆ ಕಾದೆ.

"ಒಂದೇ ನಿಮ್ಷ. ಕಿವಿ ಮುಚ್ಕೋ."

ಚಿಲಕ ತೆಗೆದದ್ದು ಅಮ್ಮ. ಅಲ್ಲ, ತಾನು ಎನ್ನುತ್ತಾನೆ ಗಂಡ. ತೆಗೆದದ್ದೇ ಇಲ್ಲ, ಬಾಣಂತಿಯನ್ನು ಹೊರಗೆ ಬಿಡಲು ಆ ಬಾಗಿಲು ತೆಗೆದವರು ಯಾರೂ ಇಲ್ಲ ಎಂದು ಅಮ್ಮ ಈಗ ನೆಂಟರ ಮುಂದೆ ಹೇಳುತ್ತಾಳೆ. ನನಗೆ ನೆನಪಿರುವುದು ನಡುಮನೆಯ ಮೊಸಾಯಿಕ್ ನೆಲ, ಅಂಗಾಲಿಗೆ ತಣ್ಣಗೆ. ಅದೂ ಆವತ್ತಿನದೋ, ಬೇರೆ ದಿನದ್ದೋ. ಎರಡು ಹೆಜ್ಜೆ ಹಿಂದೆ ಹೋದೆ. ತಲೆ ಬಂತು, ಬೊಟ್ಟು ಬಂತು, ಕಾಲು ಬಂತು. ಒತ್ತಿದೆ.

ಒತ್ತುವ ಗಳಿಗೆಯಲ್ಲೇ ಮಗು ಕಾಲು ಝಾಡಿಸಿರಬೇಕು, ಸಾಕ್ಸು ಜಾರಿರಬೇಕು. ಫೋಟೊದಲ್ಲಿ ಬಲಗಡೆಯಿಂದ ಬಂದ ಒಂದು ಬಳೆಯ ಕೈ ಮಗುವಿನ ಎರಡೂ ಪಾದಗಳನ್ನು ಒಟ್ಟಿಗೆ ಹಿಡಿದಿದೆ. ಕೈಯನ್ನು ಕತ್ತರಿಸಲು ಕಂಪ್ಯೂಟರಿನಲ್ಲಿ ಹತ್ತು ಸಲ ನೋಡಿದ್ದೇನೆ. ಕೈ ಹೋದರೆ ಕಾಲೂ ಹೋಗುತ್ತದೆ.

"ಕಾಲು ಬಂತೇನೇ?" ಎಂದಳು ಅಮ್ಮ.

"ಬಂತು."

"ಹಂಗಾದ್ರೆ ಒಳಗ್ ಬಂದು ಬಾಗ್ಲು ಹಾಕ್ಕೋ."